ಕೆರೆಯದ ನಾಲಿಗೆ

ಮಾರ್ಚ್ 16, 2009. ಸೋಮವಾರ, ಬೆಳಿಗ್ಗೆ 5.40
ಪರವಾಡದ ಔಷಧಿ ಕಂಪನಿಯ ಬಸ್ಸಿಗೆ ಇನ್ನು ಇಪ್ಪತ್ತು ನಿಮಿಷ. ಕುಕ್ಕರ್ ಕೂಗಿಲ್ಲ. ಇವತ್ತಿಗೆ 135ನೇ ದಿನ. ಮುಟ್ಟು ಬಂದಿಲ್ಲ.

ದೀಪಾವಳಿಗೆ ಮಾತ್ರೆ ಬಿಟ್ಟಿದ್ದು. ಅದಕ್ಕೆ ಮುಂಚೆ ಮೂರು ವರ್ಷ ನುಂಗಿದ್ದೆ. ಪ್ರಮೋಷನ್ ಆಗಲಿ, ಆಮೇಲೆ ಮಗು ಎಂದು ಗಂಡ ಫಣಿಯೂ ನಾನೂ ಸೇರಿಯೇ ತೀರ್ಮಾನಿಸಿದ್ದೆವು. ವಿಜಯವಾಡದ ಅತ್ತೆಗೆ ಗೊತ್ತಿಲ್ಲ. ಈಗ ಮಗು ಬೇಕು. ಮುಟ್ಟೇ ಬಾರದೆ ಮಗು ಎಲ್ಲಿಂದ? ಗೈನಕಾಲಜಿಸ್ಟ್ ಹೇಳುವುದು ಒಂದೇ: ರಿಪೋರ್ಟ್ ನಾರ್ಮಲ್, ಕಾಯಿರಿ. ಕಾದೂ ಕಾದೂ ಸಾಕಾಗಿದೆ. ಲ್ಯಾಬಿನ ಸೀತಾಮಹಾಲಕ್ಷ್ಮಿ ಒಬ್ಬರ ವಿಳಾಸ ಕೊಟ್ಟಿದ್ದಾಳೆ. ಡಾ. ಸೂರ್ಯಪ್ರಕಾಶ, ಎಂ.ವಿ.ಪಿ. ಕಾಲೊನಿ. ಚೀನೀ ಪದ್ಧತಿಯ ವೈದ್ಯ. ಸೂಜಿ ಚುಚ್ಚುತ್ತಾರಂತೆ...

ಮಾರ್ಚ್ 21, ಶನಿವಾರ
ಡಾಕ್ಟರು ಎರಡೂ ಕೈಯ ನಾಡಿ ಹಿಡಿದರು. ಮೂರು ಬೆರಳಿನಲ್ಲಿ, ಐದು ನಿಮಿಷ. ನಾಲಿಗೆ ಚಾಚಿ ಎಂದರು. ಚಾಚಿದೆ. ಹುಬ್ಬು ಗಂಟಿಕ್ಕಿದರು.

"ಬೆಳಿಗ್ಗೆ ನಾಲಿಗೆ ಕೆರೆದುಕೊಂಡ್ರಾ?"

"ಮತ್ತೆ? ಕೆರೆಯದೆ ಕಾಫಿ ಕುಡಿಯೋಕಾಗುತ್ತಾ?"

ನಾಲಿಗೆಯ ಮೇಲಿನ ಪದರ ನೋಡಿಯೇ ಅವರ ಔಷಧಿ. ನಮ್ಮವರು ಎಲ್ಲ ಉಜ್ಜಿ ತೊಳೆದು ಬರುತ್ತಾರೆ, ನಾನೇನು ನೋಡಲಿ ಎಂದರು. ಇನ್ನು ಮೇಲೆ ಕೆರೆಯಬಾರದು. ಥೂ. ಅಮ್ಮ ಕೇಳಿದರೆ ಮನೆಯೊಳಗೆ ಬಿಟ್ಟುಕೊಳ್ಳಲಿಕ್ಕಿಲ್ಲ.

ಹೊಟ್ಟೆಗೆ, ಕಾಲಿಗೆ ಹನ್ನೆರಡು ಸೂಜಿ. ನೋವಿಲ್ಲ. ಕಲ್ಕತ್ತಾದಿಂದ ತರಿಸಿದ ಬೇರಿನ ಪೊಟ್ಟಣ—ಲೇಬಲ್ ಇಲ್ಲ, ಬ್ಯಾಚ್ ನಂಬರ್ ಇಲ್ಲ. ಕಂಪನಿಯಲ್ಲಿ ಲೇಬಲ್ ಓರೆಯಾಗಿದ್ದರೆ ಡ್ರಮ್ಮನ್ನೇ ವಾಪಸ್ ಕಳಿಸುವವಳು ನಾನು. ಕುದಿಸಿ ಕುಡಿದೆ. ಕೆಸರಿನ ರುಚಿ.

ಗ್ಯಾರಂಟಿ ಉಂಟಾ ಎಂದು ಕೇಳಿದ್ದೆ. "ಇಲ್ಲಮ್ಮಾ. ಗೈನಕಾಲಜಿಸ್ಟನ್ನೂ ಬಿಡಬೇಡಿ" ಎಂದರು. ಆ ಮಾತಿಗೇ ಸ್ವಲ್ಪ ನಂಬಿಕೆ ಬಂತು.

ಜುಲೈ 12, ಭಾನುವಾರ. ವಿಜಯವಾಡ
ಎಡವಟ್ಟು ಮಾಡಿಕೊಂಡೆ.

ಅತ್ತೆ ಹೊಸಪೇಟೆಯವರು. ನಲವತ್ತು ವರ್ಷದಿಂದ ಇಲ್ಲಿದ್ದರೂ ನನ್ನ ಜೊತೆ ಕನ್ನಡವೇ. ಬೆಳಿಗ್ಗೆ ಬಚ್ಚಲ ಹೊರಗೆ ತಾಮ್ರದ ನಾಲಿಗೆಪಟ್ಟಿ ಹಿಡಿದು ನಿಂತಿದ್ದರು.

"ಇದು ಮರ್ತೆ ನೋಡು."

"ಬೇಡ ಬಿಡಿ ಅತ್ತೆ."

"ಯಾಕೆ? ವಾಕರಿಕೆ ಬರ್ತದೇನಮ್ಮಾ?"

ಡಾಕ್ಟರ ವಿಷಯ ಹೇಳಿದರೆ ಮಾತ್ರೆಯದ್ದೂ ಹೊರಬರುತ್ತದೆ. ಹೂಂ ಎಂದುಬಿಟ್ಟೆ. ಅವರ ಮುಖ ಅರಳಿದಾಗಲೇ ಗೊತ್ತಾಗಿದ್ದು ಏನು ಹೇಳಿದೆ ಎಂದು.

ಈ ಮನೆಯಲ್ಲಿ ಮುಟ್ಟಾದವರು ಮೂರು ದಿನ ಹಿಂದಿನ ಕೋಣೆಯಲ್ಲಿ ಕೂರಬೇಕು. ಸಂಕ್ರಾಂತಿಯಿಂದ ಮೂರು ಸಲ ಬಂದೆ, ಒಮ್ಮೆಯೂ ಕೂತಿಲ್ಲ. ಅದೂ ಅವರ ಗಮನದಲ್ಲಿದೆ.

"ನಾನು ಯಾರ್ಗೂ ಹೇಳಂಗಿಲ್ಲ, ಸರೇನಾ?" ಎಂದು ಕೆನ್ನೆ ಸವರಿದರು. ರೈಲು ಹತ್ತುವಾಗ ಆವಕಾಯಿ ಉಪ್ಪಿನಕಾಯಿಯ ಜಾಡಿ ಕೊಟ್ಟರು. ಫಣಿ: "ನೀನೇ ಸರಿಮಾಡು, ನಾನಿದರಲ್ಲಿ ಇಲ್ಲ." ಹೇಡಿ.

ಜುಲೈ 31, ಶುಕ್ರವಾರ. ವಿಜಯವಾಡ
ವರಮಹಾಲಕ್ಷ್ಮಿ ವ್ರತ. ಕಲಶ ಸಿದ್ಧವಾಗಿತ್ತು. ಬಚ್ಚಲಿಗೆ ಹೋದೆ. ಬಂದಿದೆ.

272ನೇ ದಿನ. ಒಬ್ಬಳೇ ಜೋರಾಗಿ ನಕ್ಕೆ. ನಗುತ್ತಲೇ ಹೊರಗೆ ಬಂದು, ಹೊರಗಾದೆ ಅತ್ತೆ ಎಂದೆ. ಅವರು ಕಲಶದ ಮುಂದಿನಿಂದ ಎದ್ದು ಬಂದರು.

"ಹೋಯ್ತೇನಮ್ಮಾ?"

ಇಲ್ಲದ ಗರ್ಭ ಹೋಯಿತು ಎಂದುಕೊಂಡರು. ನನ್ನ ನಗು ಅಲ್ಲೇ ನಿಂತಿತು. ಎಲ್ಲ ಹೇಳಿದೆ. ಮಾತ್ರೆ, ಸೂಜಿ, ನಾಲಿಗೆ, ಆ ಹೂಂ. ಅತ್ತೆ ಒಳಗೆ ಹೋದರು. ಹಿಂದಿನ ಕೋಣೆಯಲ್ಲಿ ಕೂತು ಬರೆಯುತ್ತಿದ್ದೇನೆ. ಖುಷಿಯೂ ಇದೆ, ನಾಚಿಕೆಯೂ ಇದೆ.

ಆಗಸ್ಟ್ 1, ಶನಿವಾರ
ನಿನ್ನೆಯೆಲ್ಲ ತಟ್ಟೆ ದೂರದಿಂದ ತಳ್ಳಿದರು. ಇವತ್ತು ಹೊಸ್ತಿಲಲ್ಲೇ ಬಂದು ಕೂತರು.

"ಮಾತ್ರೆ ನುಂಗಿದ್ದಕ್ಕೆ ಸಿಟ್ಟಿಲ್ಲ. ನನ್ ಕಾಲದಾಗೆ ಸಿಕ್ಕಿದ್ರೆ ನಾನೂ ನುಂಗ್ತಿದ್ದೆ. ಹೂಂ ಅಂದ್ಯಲ್ಲ, ಅದಕ್ಕೆ ಸಿಟ್ಟು. ಇಪ್ಪತ್ತು ದಿನ ತುಪ್ಪದ ದೀಪ ಹಚ್ಚೀನಿ ನಾನು."

ಅಳು ಬಂತು. ತಪ್ಪಾಯಿತು ಎಂದೆ. ನೀರಿನ ಲೋಟ ನನ್ನತ್ತ ತಳ್ಳಿದರು. ಆಮೇಲೆ—

"ಎಲ್ಲಿ, ನಾಲಿಗೆ ತೋರ್ಸು."

ತೋರಿಸಿದೆ.

"ಛೀ, ಹೊಲಸು. ಇರ್ಲಿ, ಹಂಗೇ ಬಿಡು."

ಸೆಪ್ಟೆಂಬರ್ 4
ಮತ್ತೆ ಬಂತು. 35 ದಿನಕ್ಕೆ, ತಾನಾಗಿಯೇ. ಸೂಜಿಯಿಂದಲೋ, ಬೇರಿನಿಂದಲೋ, ಸುಮ್ಮನೆ ಕಾದದ್ದರಿಂದಲೋ... ಯಾರಿಗೆ ಗೊತ್ತು. ಅತ್ತೆಗೆ ನಾನೇ ಫೋನ್ ಮಾಡಿ ಹೇಳಿದೆ.

ಅಕ್ಟೋಬರ್ 17, ಶನಿವಾರ. ದೀಪಾವಳಿ, ಬೆಳಿಗ್ಗೆ 7
ನಿನ್ನೆ ಸಂಜೆ ಬ್ಲಡ್ ರಿಪೋರ್ಟ್ ಬಂತು. ಪಾಸಿಟಿವ್. ಫಣಿ ಮೂರು ಸಲ ಓದಿದ, ಆಮೇಲೆ ನನ್ನ ಹೆಗಲಿಗೆ ಮುಖ ಒತ್ತಿ ನಿಂತುಬಿಟ್ಟ. ಡಾಕ್ಟರಿಗೆ ಫೋನ್ ಮಾಡಿದೆ. ಸೂಜಿ, ಬೇರು ಎರಡೂ ಬಂದ್. "ಇನ್ನು ಧಾರಾಳವಾಗಿ ನಾಲಿಗೆ ಕೆರೆದುಕೊಳ್ಳಿ" ಎಂದರು.

ಏಳು ತಿಂಗಳ ಮೇಲೆ ಇವತ್ತು ನಾಲಿಗೆಪಟ್ಟಿ ಹಿಡಿದೆ. ಬಾಯಿಗಿಟ್ಟದ್ದೇ ತಡ, ಹೊಟ್ಟೆಯೆಲ್ಲ ಮೇಲೆ ಬಂತು. ಸಿಂಕ್ ಹಿಡಿದು ನಿಂತಿದ್ದೆ. ಅಷ್ಟರಲ್ಲಿ ಫಣಿ ಫೋನ್ ತಂದ. ಅತ್ತೆ, ಹಬ್ಬಕ್ಕೆ ಮಾಡಿದ್ದು. ಅವರಿಗೆ ಕೇಳಿಸಿಬಿಟ್ಟಿದೆ.

"ವಾಕರಿಕೇನಾ?" ಸ್ವಲ್ಪ ತಡೆದು, "ನಿಜ ಹೇಳಮ್ಮಾ."

ಹೂಂ ಎಂದೆ. ರಿಪೋರ್ಟ್, ನಾಲಿಗೆಪಟ್ಟಿ, ಎಲ್ಲ ಹೇಳಿದೆ.

ಆ ಕಡೆ ಮೂಗು ಒರೆಸಿಕೊಂಡ ಸದ್ದು. "ಸಾಯಂಕಾಲ ರೈಲಿಗೆ ಬರ್ತೀನಿ. ಆ ಪಟ್ಟಿ ಮುಟ್ಬೇಡ ಇನ್ನ."

ಮುಟ್ಟುವುದಿಲ್ಲ. ಎತ್ತಿಡುತ್ತೇನೆ, ಮಗುವಿಗೆ ತೋರಿಸಬೇಕು, ನೋಡು ಇದರಿಂದಲೇ ನಿನ್ನ ಸುದ್ದಿ ಅಜ್ಜಿಗೆ... ಅಯ್ಯೋ, ಮತ್ತೆ ಬಂತು—