ನಾಲ್ಕೇ ಸಲ ನೋಡಿದವರ ಶಿಫಾರಸು

ಸ್ನಾತಕೋತ್ತರ ಪ್ರವೇಶ ವಿಭಾಗದ ಮಾನ್ಯ ಮುಖ್ಯಾಧಿಕಾರಿಗಳೇ,

ಕಳೆದ ತಿಂಗಳ ಎರಡನೆಯ ಮಂಗಳವಾರ, ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ, ನಮ್ಮ ಮನೆಯ ಊಟದ ಮೇಜಿನ ಮೇಲೆ, ವಿದ್ಯಾಭ್ಯಾಸದ ಚರಿತ್ರೆಯಲ್ಲೇ ಬಹುಶಃ ಮೊತ್ತಮೊದಲ ಬಾರಿಗೆ, ಒಂದು ಶಿಫಾರಸು ಪತ್ರದಲ್ಲಿ ನಿಜವನ್ನು ಬರೆಯಲಾಯಿತು ಎಂಬ ಸಂಗತಿಯನ್ನು ಸಮಸ್ತ ನಾಗರಿಕರ ಗಮನಕ್ಕೆ ತರಲು ಹೆಮ್ಮೆಪಡುತ್ತೇನೆ. ಆ ಸಂದರ್ಭಕ್ಕೆ ಸಾಕ್ಷಿಯಾಗಿ ಹಾಜರಿದ್ದವರು ನಾನು, ನನ್ನ ಹೆಂಡತಿ, ಪತ್ರ ಬರೆದ ನನ್ನ ಮಗಳು ಮತ್ತು ಒಂದು ಕಾಲು ಕುಂಟುವ ಆ ಮೇಜು. ಈ ಸಾಧನೆಗೆ ತಾವು ಶಾಲು ಹೊದಿಸುತ್ತೀರೆಂದು ನಾವು ಕಾದು ಕುಳಿತಿರಲಿಲ್ಲ. ಆದರೆ ಸೀಟನ್ನೇ ಕಿತ್ತುಕೊಳ್ಳುತ್ತೀರೆಂದೂ ಎಣಿಸಿರಲಿಲ್ಲ. ಸೋಮವಾರ ತಮ್ಮ ಕಚೇರಿಯಿಂದ ಬಂದ ಕಾಗದದಲ್ಲಿ ಕಾರಣ ಸ್ಪಷ್ಟವಾಗಿದೆ: "ಶಿಫಾರಸುದಾರರು ಅಭ್ಯರ್ಥಿಯ ಬಗ್ಗೆ ಸಾಕಷ್ಟು ಉತ್ಸಾಹ ತೋರಿಲ್ಲವಾದ್ದರಿಂದ ಅರ್ಜಿಯನ್ನು ಪರಿಗಣಿಸಲಾಗಿಲ್ಲ." ಇರುವುದು ಹನ್ನೆರಡು ಸೀಟು. ಅಂಕಗಳ ಲೆಕ್ಕದಲ್ಲಿ, ತಾವೇ ಗೋಡೆಗೆ ಅಂಟಿಸಿದ ಪಟ್ಟಿಯಲ್ಲಿ, ಅವಳು ಮೂರನೆಯವಳು. ಅಂದರೆ ಅವಳಲ್ಲಿ ಏನೂ ಕೊರತೆಯಿಲ್ಲ. ಕೊರತೆ ಬಿದ್ದದ್ದು ಇನ್ನೊಬ್ಬರ ಉತ್ಸಾಹಕ್ಕೆ. ಇನ್ನೊಬ್ಬರಿಗೆ ಹಸಿವಿಲ್ಲವೆಂದು ನನ್ನ ಮಗಳ ತಟ್ಟೆ ಎತ್ತಿಕೊಂಡು ಹೋದರೆ ಅದನ್ನು ಆಡಳಿತ ಎನ್ನಬೇಕೆ, ಬೇರೆ ಏನಾದರೂ ಎನ್ನಬೇಕೆ?

ಮೊದಲು ಅಭ್ಯರ್ಥಿಯ ಪರಿಚಯ. ಮನೆಯಲ್ಲಿ ಅವಳನ್ನು ಯಾಕಮ್ಮ ಎಂದು ಕರೆಯುತ್ತೇವೆ. ಮಾತು ಬಂದ ದಿನದಿಂದ ಅವಳು ನಮ್ಮನ್ನು ಕೇಳಿದ್ದು 'ಯಾಕೆ' ಎಂಬುದೊಂದನ್ನೇ. ಸಸ್ಯಶಾಸ್ತ್ರದಲ್ಲಿ ಪದವಿ ಮುಗಿಸಿದ್ದಾಳೆ. ಅವಳ ಪ್ರೀತಿ ಪೂರ್ತಿ ಸಂದಿರುವುದು ಪಾಚಿಗೆ. ಬಚ್ಚಲಿನ ಹಿಂದಿನ ಗೋಡೆಯ ಮೇಲೆ ಹಸಿರು ಮಖಮಲ್ಲಿನ ಹಾಗೆ ಕೂತಿರುತ್ತದಲ್ಲ, ಅದೇ ಪಾಚಿ. ಬೇರೆಯವರ ಮನೆಯ ಮಕ್ಕಳು ಗೋಡೆಗೆ ಸಿನಿಮಾ ತಾರೆಯರ ಚಿತ್ರ ಅಂಟಿಸುವ ವಯಸ್ಸಿನಲ್ಲಿ ಇವಳು ಗೋಡೆಯನ್ನೇ ನೋಡುತ್ತ ಕೂತಿದ್ದಳು. ತಮ್ಮ ಅರ್ಜಿಯಲ್ಲಿ 'ಮುಂದಿನ ಹತ್ತು ವರ್ಷಗಳ ಯೋಜನೆ' ಎಂದು ಒಂದು ಚೌಕವಿದೆ. ಅದರಲ್ಲಿ ಉಳಿದವರು ದೇಶವನ್ನು ಮುನ್ನಡೆಸುವ ವಿಚಾರ ಬರೆದಿದ್ದರೆ ಇವಳು ಹೀಗೆ ಬರೆದಳು: "ಒಣಗಿ ಸತ್ತ ಹಾಗೆ ಕಾಣುವ ಪಾಚಿ ನೀರು ಬಿದ್ದ ಕೂಡಲೇ ಮತ್ತೆ ಹೇಗೆ ಹಸಿರಾಗುತ್ತದೆ ಎಂದು ತಿಳಿದುಕೊಳ್ಳುವುದು. ಹತ್ತು ವರ್ಷ ಸಾಲದಿದ್ದರೆ ಹನ್ನೊಂದು."

ಅವಳ ಮುಂದೆ ಇನ್ನೊಂದು ದಾರಿಯೂ ಇದೆ, ಅದನ್ನು ಮುಚ್ಚಿಡುವುದಿಲ್ಲ. ಗೋಡೆಗೆ ಹಚ್ಚುವ ಬಣ್ಣದ ಕಾರ್ಖಾನೆಯೊಂದು ತನ್ನ ಪ್ರಯೋಗಾಲಯದಲ್ಲಿ ಕೆಲಸ ಕೊಡುತ್ತೇನೆಂದು ಕರೆದಿದೆ. ಶನಿವಾರದೊಳಗೆ ಹೂಂ ಅಥವಾ ಊಹೂಂ ಹೇಳಬೇಕು. ಆ ಕಾರ್ಖಾನೆಯ ಹೆಮ್ಮೆಯ ಸರಕು ಪಾಚಿ ಹಿಡಿಯದ ಬಣ್ಣ. ಆಸ್ಪತ್ರೆಯಲ್ಲಿ ಹಿರಿಯ ದಾದಿಯಾಗಿರುವ ನನ್ನ ಹೆಂಡತಿ ಒಂದೇ ಉಸಿರಿಗೆ ತೀರ್ಪು ಕೊಟ್ಟಳು: "ಕೆಲಸಕ್ಕೆ ಸೇರ್ಕೋ. ಓದೋದು ಆಮೇಲೂ ಓದಬಹುದು, ಪಾಚಿ ಎಲ್ಲಿಗೂ ಓಡಿಹೋಗಲ್ಲ."

"ಅಮ್ಮ, ಅದನ್ನ ಓಡಿಸೋದೇ ಆ ಕೆಲಸ," ಎಂದಳು ಮಗಳು.

ಹೀಗೆ ಒಂದು ತಿಂಗಳು ನಮ್ಮ ಮನೆಯಲ್ಲಿ ತಕ್ಕಡಿ ಅತ್ತಿತ್ತ ತೂಗಿತು. ಪಾಚಿಯನ್ನು ಓದುವುದೋ, ಪಾಚಿಯನ್ನು ಕೊಲ್ಲುವುದೋ. ಇಷ್ಟು ಸ್ಪಷ್ಟವಾದ ಆಯ್ಕೆ ಎಷ್ಟು ಜನ ಪದವೀಧರರಿಗೆ ಸಿಗುತ್ತದೆ ಹೇಳಿ? ಕೊನೆಗೆ ಅವಳು ಓದುತ್ತೇನೆಂದಳು. ಅವಳಮ್ಮ ಒಂದು ದಿನ ಮಾತು ಬಿಟ್ಟು, ಮಾರನೆಯ ದಿನ ಅರ್ಜಿಗೆ ಬೇಕಾದ ಭಾವಚಿತ್ರಕ್ಕೆ ಮಗಳ ಕೂದಲು ಬಾಚಿದಳು.

ಆಗ ಎದುರಾದದ್ದು ಶಿಫಾರಸು ಪತ್ರ. ಮಗಳು ತನ್ನ ಕಾಲೇಜಿನ ಪ್ರಾಧ್ಯಾಪಕರ ಬಳಿ ಹೋದಳು. ಅವರು ಲೋಕಪದ್ಧತಿಯಂತೆ ಒಂದು ವಾಕ್ಯದಲ್ಲಿ ಮುಗಿಸಿದರು: "ನೀನೇ ಬರ್ಕೊಂಡು ಬಾಮ್ಮ, ಸಹಿ ಹಾಕ್ತೀನಿ." ಈ ಪದ್ಧತಿ ತಮಗೆ ಗೊತ್ತಿಲ್ಲ ಎಂದರೆ ನಾನು ನಂಬುವುದಿಲ್ಲ. ನನ್ನ ಕನ್ನಡಕದಂಗಡಿಯ ಪಕ್ಕದ ಜೆರಾಕ್ಸ್ ಅಂಗಡಿಯಲ್ಲೇ ಸಿದ್ಧಪಡಿಸಿದ ಶಿಫಾರಸುಗಳು ಮೂರು ದರ್ಜೆಯಲ್ಲಿ ಸಿಗುತ್ತವೆ: ಉತ್ತಮ, ಅತ್ಯುತ್ತಮ, ಅಪೂರ್ವ. ಹೆಸರಿನ ಜಾಗ ಖಾಲಿ. ಬರೀ 'ಉತ್ತಮ'ವನ್ನು ಯಾರು ಒಯ್ಯುತ್ತಾರೆ ಎಂದು ಅಂಗಡಿಯವನನ್ನು ವಿಚಾರಿಸಿದೆ. ಯಾರೂ ಇಲ್ಲವಂತೆ, ಉಳಿದೆರಡು ಎಷ್ಟು ಮೇಲಿನವು ಎಂದು ಗಿರಾಕಿಗೆ ಗೊತ್ತಾಗಲಿ ಅಂತ ಇಟ್ಟಿದ್ದಾನಂತೆ. 'ಅಪೂರ್ವ'ದ ಮೊದಲ ಸಾಲು, "ನನ್ನ ಮೂವತ್ತು ವರ್ಷಗಳ ಬೋಧನೆಯಲ್ಲಿ ಇಂಥ ವಿದ್ಯಾರ್ಥಿಯನ್ನು ಕಂಡಿಲ್ಲ." ಈ ವರ್ಷ ಅದರ ನಲವತ್ತೆಂಟು ಪ್ರತಿ ಹೋಗಿದೆ. ಒಬ್ಬರೇ ಪ್ರಾಧ್ಯಾಪಕರು ಒಂದೇ ವಾರದಲ್ಲಿ ಅದರಲ್ಲಿ ಒಂಬತ್ತಕ್ಕೆ ಸಹಿ ಹಾಕಿದ್ದಾರೆ. ಮೂವತ್ತು ವರ್ಷ ಕಾಣದ್ದನ್ನು ಒಂದು ವಾರದಲ್ಲಿ ಒಂಬತ್ತು ಸಲ ಕಂಡ ಆ ಪುಣ್ಯಾತ್ಮರ ದೃಷ್ಟಿಯನ್ನು ನಾನು, ವೃತ್ತಿಯ ಕುತೂಹಲದಿಂದ, ಒಮ್ಮೆ ಪರೀಕ್ಷಿಸಬೇಕೆಂದಿದ್ದೇನೆ.

ನಾನೂ ಒಂದು 'ಅಪೂರ್ವ' ತಂದು ಮೇಜಿನ ಮೇಲಿಟ್ಟೆ. ತಂದೆಯಾದವನು ಇನ್ನೇನು ಮಾಡಬೇಕು? ಮಗಳು ಓದಿ, ಮಡಿಸಿ, ಮೇಜಿನ ಕುಂಟುಕಾಲಿನ ಕೆಳಗೆ ಇಟ್ಟಳು. ಪತ್ರ ಸರ್ ಹೆಸರಿನಲ್ಲಿ ಹೋಗುತ್ತದೆ, ಅವರು ಕಣ್ಣಾರೆ ಕಂಡದ್ದನ್ನು ಮಾತ್ರ ಬರೆಯಬೇಕಲ್ಲವೇ, ಕಾಣದ್ದನ್ನು ಬರೆದರೆ ಅವರ ಬಾಯಲ್ಲಿ ಸುಳ್ಳು ಹೇಳಿಸಿದ ಹಾಗಾಗುವುದಿಲ್ಲವೇ ಎಂದು ನನ್ನನ್ನೇ ಕೇಳಿದಳು. ನಾನು ಕನ್ನಡಕ ಒರೆಸಿಕೊಂಡೆ. ಅವಳು ಬರೆದದ್ದು ಇದು:

"ಈ ವಿದ್ಯಾರ್ಥಿನಿಯನ್ನು ನಾನು ಮೂರು ವರ್ಷಗಳಲ್ಲಿ ನಾಲ್ಕು ಸಲ ಗಮನಿಸಿದ್ದೇನೆ. ಮೊದಲನೆಯ ಸಲ ಈಕೆ ಒಂದು ಪ್ರಶ್ನೆ ಕೇಳಿದಳು. ಮುಂದಿನ ವಾರ ಹೇಳುವೆನೆಂದೆ. ಎರಡನೆಯ ಸಲ, ಆ ಮುಂದಿನ ವಾರ ಯಾವುದೆಂದು ಕೇಳಿದಳು. ಮೂರನೆಯ ಸಲ ಬೇರೊಬ್ಬಳೆಂದು ತಿಳಿದು, ಓಟದ ಸ್ಪರ್ಧೆಯಲ್ಲಿ ಗೆದ್ದದ್ದಕ್ಕಾಗಿ ಈಕೆಯನ್ನು ಅಭಿನಂದಿಸಿದೆ. ನಾಲ್ಕನೆಯ ಸಲ, ಕಪಾಟಿನಲ್ಲಿರುವ ಏಳನೆಯ ಮಾದರಿಗೆ ಅಂಟಿಸಿದ ಹೆಸರು ತಪ್ಪೆಂದು ಈಕೆ ತೋರಿಸಿದಳು. ತಪ್ಪಾಗಿತ್ತು. ಚೀಟಿ ಈಗಲೂ ಹಾಗೆಯೇ ಇದೆ. ಈಕೆಗೆ ಮುಂದೆ ಓದುವ ಆಸೆಯಿದೆ. ಅದಕ್ಕೆ ನನ್ನ ಅಭ್ಯಂತರವಿಲ್ಲ."

ಅವಳಮ್ಮ ಎರಡು ಸಲ ಓದಿ, ಇದು ಶಿಫಾರಸಲ್ಲ, ಪೊಲೀಸರ ಮುಂದೆ ಕೊಡುವ ಹೇಳಿಕೆ ಎಂದಳು. ನಾನು ಕಡೆಯ ಪಕ್ಷ 'ಚುರುಕು' ಎಂಬ ಒಂದು ಪದವನ್ನಾದರೂ ತುರುಕೋಣವೆಂದು ಅಂಗಲಾಚಿದೆ. ಸರ್‌ಗೆ ಅದು ಹೇಗೆ ಗೊತ್ತಾಯಿತು ಎಂದು ಕೇಳಿದಳು. ಇಷ್ಟಾದರೂ ನಮಗೆ ಒಂದು ಧೈರ್ಯವಿತ್ತು: ಪ್ರಾಧ್ಯಾಪಕರು ಓದಿದರೆ ನಾಚಿಕೊಂಡಾದರೂ ನಾಲ್ಕು ಒಳ್ಳೆಯ ಮಾತು ಸೇರಿಸುತ್ತಾರೆ ಎಂದು. ಅವಳು ಒಯ್ದಾಗ ಅವರು ಮೆಟ್ಟಿಲಿಳಿಯುತ್ತಿದ್ದರು. ಕಾಗದವನ್ನು ಗೋಡೆಗೆ ಒತ್ತಿ ಸಹಿ ಹಾಕಿ, ಪೆನ್ನಿನ ಮುಚ್ಚಳ ಹಾಕುತ್ತ ಕೇಳಿದರು, "ಚೆನ್ನಾಗಿ ಬರ್ದಿದೀನಿ ತಾನೆ?"

"ಇದ್ದದ್ದನ್ನ ಬರ್ದಿದೀರಿ ಸರ್," ಎಂದಳಂತೆ ನಮ್ಮ ಯಾಕಮ್ಮ.

ಮಾನ್ಯರೇ, ಇಲ್ಲಿಯವರೆಗಿನ ತಪ್ಪು ನಮ್ಮ ಮನೆಯದು. ಇನ್ನು ಮುಂದಿನದು ತಮ್ಮದು. ಈ ವರ್ಷದಿಂದ ನಿಷ್ಪಕ್ಷಪಾತಕ್ಕಾಗಿ ತಾವೊಂದು ಸುಧಾರಣೆ ತಂದಿದ್ದೀರಿ: ಆಯ್ಕೆ ಸಮಿತಿಯ ಮುಂದೆ ಇಡುವ ಶಿಫಾರಸುಗಳಲ್ಲಿ ಬರೆದವರ ಹೆಸರು ಮತ್ತು ಸಹಿಯ ಮೇಲೆ ಕಪ್ಪು ಪಟ್ಟಿ ಅಂಟಿಸುವುದು. ಘನವಾದ ಆಲೋಚನೆ. ಆ ಸಮಿತಿಗೆ ತಾವು ಹೊರಗಿನ ಸದಸ್ಯರೆಂದು ಕರೆದದ್ದು ಯಾರನ್ನು? ಅದೇ ಪ್ರಾಧ್ಯಾಪಕರನ್ನು. ಕಪ್ಪು ಪಟ್ಟಿ ಅಂಟಿದ ಪತ್ರವನ್ನು ಅವರು ಅಂದು ಮೊದಲ ಬಾರಿಗೆ ಓದಿದರು. ಓದಿ ಕೆಂಡವಾದರು. "ಯಾರ್ರೀ ಇವನು? ಮೂರು ವರ್ಷದಲ್ಲಿ ನಾಲ್ಕು ಸಲ ನೋಡಿ ಶಿಫಾರಸು ಮಾಡ್ತಾನಲ್ಲ, ಪಾಠ ಮಾಡ್ತಿದ್ನೋ ಕಡ್ಲೆಕಾಯಿ ತಿಂತಿದ್ನೋ? ಇವನ ಮಾತಿನ ಮೇಲೆ ಸೀಟು ಕೊಡಕ್ಕಾಗಲ್ಲ," ಎಂದು ಮೇಜು ಕುಟ್ಟಿದರು. ಮಿಕ್ಕವರು ತಲೆಯಾಡಿಸಿದರು. ಹೀಗೆ ಒಬ್ಬರು ತಾವೇ ಸಹಿ ಮಾಡಿದ್ದನ್ನು ತಾವೇ ತಿರಸ್ಕರಿಸಿ, ಆಯ್ಕೆಯ ಘನತೆ ಉಳಿಸಿದ ಸಮಾಧಾನದಲ್ಲಿ ಪ್ರಯಾಣಭತ್ಯೆಯ ಅರ್ಜಿ ತುಂಬಿ ಮನೆಗೆ ಹೋದರು. ಇಷ್ಟು ಶುದ್ಧವಾದ ನಿಷ್ಪಕ್ಷಪಾತ ದೇವಲೋಕದಲ್ಲಾದರೂ ಇದ್ದೀತೇ?

ಇದೆಲ್ಲ ನನಗೆ ಹೇಗೆ ತಿಳಿಯಿತೆಂದು ತಾವು ವಿಚಾರಣೆ ನಡೆಸಬಾರದಾಗಿ ವಿನಂತಿ. ತಮ್ಮ ಕಚೇರಿಯ ಬಹುಪಾಲು ಕನ್ನಡಕಗಳು ನನ್ನ ಅಂಗಡಿಯವು. ತಿರುಪು ಬಿಗಿ ಮಾಡುವ ಐದು ನಿಮಿಷದಲ್ಲಿ ಜನ ಎದುರಿನದೇನೂ ಕಾಣದೆ ಕೂತಿರುತ್ತಾರೆ. ಕಾಣದಾಗ ಮಾತು ತಾನಾಗಿ ಹೊರಬರುತ್ತದೆ. ಹೇಳಿದವರ ಬಲಗಣ್ಣಿಗೆ ಮೈನಸ್ ಎರಡು ಎಂಬುದರ ಹೊರತು ನಾನು ಬಾಯಿ ಬಿಡುವುದಿಲ್ಲ. ಅದನ್ನೂ ಬಿಡಬಾರದಿತ್ತು.

ಮಂಗಳವಾರ ಸಂಜೆ ಅಂಗಡಿಗೆ ಇನ್ನೊಬ್ಬರು ಬಂದರು. ಮಗಳ ಕಾಲೇಜಿನ ಪ್ರಯೋಗಾಲಯದ ಅಟೆಂಡರು. ಬೀಗ ತೆಗೆಯುವುದು, ಗಾಜು ತೊಳೆಯುವುದು, ಬೀಗ ಹಾಕುವುದು ಅವರ ಕೆಲಸ. ಸುದ್ದಿ ಅವರಿಗೂ ಮುಟ್ಟಿತ್ತು. ಜೇಬಿನಿಂದ ಗೆರೆ ಹಾಕಿದ ಹಾಳೆಯೊಂದನ್ನು ತೆಗೆದು, ಇದೇನಾದರೂ ಉಪಯೋಗಕ್ಕೆ ಬರುತ್ತದೋ ನೋಡಿ ಎಂದು ಕೊಟ್ಟು, ಕುರ್ಚಿಯಲ್ಲೂ ಕೂರದೆ ಹೋದರು. ಅದರಲ್ಲಿ ಇದ್ದದ್ದನ್ನು ಒಂದಕ್ಷರ ತಿದ್ದದೆ ಕೊಡುತ್ತೇನೆ:

"ಈ ಹುಡುಗಿ ದಿನಾ ಎಂಟು ಗಂಟೆಗೆ ಬರುತ್ತಿದ್ದಳು. ಬೀಗ ತೆಗೆಯುವವನು ನಾನಾದ್ದರಿಂದ ನನಗೆ ಗೊತ್ತು. ಮೂರು ವರ್ಷದಲ್ಲಿ ಒಂದು ಗಾಜು ಒಡೆದಿದ್ದಾಳೆ. ಒಡೆದದ್ದು ನಾನೇ ಅಂತ ಬಂದು ಹೇಳಿದ್ದು ಇವಳೊಬ್ಬಳೇ. ಹೋದ ವರ್ಷ ಕಪಾಟಿನ ಹಿಂದೆ ಒಂದು ತಟ್ಟೆ ಪಾಚಿ ಒಣಗಿ ಹೊಟ್ಟಾಗಿತ್ತು, ಎಸೆಯಲು ಹೊರಟಿದ್ದೆ, ಬೇಡ ಅಂದಳು. ಮಧ್ಯಾಹ್ನ ನೀರು ಚಿಮುಕಿಸಿ ಅದರ ಮುಂದೆ ಕೂತಳು, ಊಟಕ್ಕೂ ಏಳಲಿಲ್ಲ. ಬೀಗ ಹಾಕಲು ಹೋದಾಗ ಬನ್ನಿ ಅಂತ ಕರೆದು ತೋರಿಸಿದಳು. ಹಸಿರಾಗಿತ್ತು. ಇಲ್ಲಿ ಇಪ್ಪತ್ತಾರು ವರ್ಷದಿಂದ ಇದ್ದೇನೆ. ನನ್ನನ್ನು ಕರೆದು ತೋರಿಸಿದವರು ಬೇರೆ ಯಾರೂ ಇಲ್ಲ. ಇವಳು ಓದಬೇಕು."

ಉತ್ಸಾಹ ಬೇಕು ಎಂದಿರಲ್ಲ ಮಾನ್ಯರೇ, ಇದು ಸಾಲದೇ? ಬುಧವಾರ ಬೆಳಿಗ್ಗೆ ಅಂಗಡಿ ತೆರೆಯದೆ, ಈ ಹಾಳೆಯನ್ನು ಮೇಲ್ಮನವಿಗೆ ಲಗತ್ತಿಸಿ ತಮ್ಮ ಮೂರನೆಯ ಕಿಟಕಿಯ ಮುಂದೆ ನಿಂತೆ. ಗುಮಾಸ್ತರು ಒಳ್ಳೆಯವರು, ಪೂರ್ತಿ ಓದಿದರು, ಓದಿ ಮೂಗೊರೆಸಿಕೊಂಡರು. ಆಮೇಲೆ ಹಾಳೆಯನ್ನು ತಿರುಗಿಸಿ ನೋಡಿ, ಮೊಹರಿಲ್ಲ, ತೆಗೆದುಕೊಳ್ಳಲು ಬರುವುದಿಲ್ಲ ಎಂದರು. ಅಟೆಂಡರಿಗೆ ಮೊಹರು ಎಲ್ಲಿಂದ ಬರಬೇಕು ಎಂದು ಕೇಳಿದೆ. ಅವರದ್ದೇ ಆಗಬೇಕೆಂದೇನೂ ಇಲ್ಲವಂತೆ. ಮತ್ತೆ ಯಾರದ್ದು?

"ಯಾರದ್ದಾದ್ರೂ ಸರಿ, ದುಂಡಗಿರಬೇಕು," ಎಂದರು. "ಚೌಕದ್ದು ಹೋದ ವರ್ಷದಿಂದ ನಿಲ್ಲಿಸಿದಾರೆ."

ನನ್ನ ಅಂಗಡಿಯ ಮೊಹರು ಚೌಕ. ಹೆಂಡತಿಯ ವಾರ್ಡಿನದು ಮೊಟ್ಟೆಯಾಕಾರದ್ದು; ಅದನ್ನು ದುಂಡಗೆ ಎನ್ನಬಹುದೇ ಎಂದು ವಿಚಾರಿಸಿದ್ದಕ್ಕೆ, ಮೇಲಿನವರನ್ನು ಕೇಳಬೇಕು ಎಂದರು. ಮೇಲಿನವರು ಎಂದರೆ ತಾವು. ತಾವು ಸೋಮವಾರದವರೆಗೆ ರಜೆಯಲ್ಲಿದ್ದೀರಿ. ಮೇಲ್ಮನವಿಯ ಕೊನೆಯ ದಿನ ಶುಕ್ರವಾರ.

ಆದ್ದರಿಂದ ನೇರವಾಗಿ ಕೇಳುತ್ತೇನೆ. ಅವಳನ್ನು ನಾಲ್ಕು ಸಲ ನೋಡಿದವರ ಸಹಿಗೆ ಇರುವ ಬೆಲೆ ದಿನವೂ ನೋಡಿದವರ ಮಾತಿಗೆ ಯಾಕಿಲ್ಲ? ಓದದೆ ಸಹಿ ಹಾಕುವವರು ಸುಳ್ಳಿಗೆ ಹಾಕಿದರೆ ಸೀಟು, ನಿಜಕ್ಕೆ ಹಾಕಿದರೆ ಇಲ್ಲ ಎಂಬುದು ನಿಯಮವೋ, ರೂಢಿಯೋ? ನಾನೀಗ ಇಷ್ಟು 'ಯಾಕೆ' ಕೇಳುವುದಕ್ಕೆ ಕಾರಣವಿದೆ. ಸೋಮವಾರದಿಂದ ನನ್ನ ಮಗಳು ಕೇಳುವುದನ್ನು ನಿಲ್ಲಿಸಿದ್ದಾಳೆ. ತಮ್ಮ ಕಾಗದ ಓದಿ, "ಹೋಗ್ಲಿ ಬಿಡಪ್ಪ," ಎಂದಳು, ಅಷ್ಟೇ. ಕಾರ್ಖಾನೆಗೆ ಕಳಿಸಬೇಕಾದ ಒಪ್ಪಿಗೆಯನ್ನು ಬರೆದು, ಲಕೋಟೆಗೆ ಹಾಕಿ ಮೇಜಿನ ಮೇಲಿಟ್ಟಿದ್ದಾಳೆ. ಇನ್ನೂ ಅಂಚೆಗೆ ಹಾಕಿಲ್ಲ. ಕೆಲಸಕ್ಕೆ ಸೇರು ಎನ್ನುತ್ತಿದ್ದ ಅವಳಮ್ಮನೇ ಆ ಲಕೋಟೆಯ ಮೇಲೆ ಪಾತ್ರೆ ಮುಚ್ಚಿಟ್ಟು, ಹುಡುಕಿದರೆ ಸಿಗದ ಹಾಗೆ ಮಾಡಿದ್ದಾಳೆ. ಇಪ್ಪತ್ತೊಂದು ವರ್ಷ ನಮ್ಮ ತಲೆ ತಿಂದ ಹುಡುಗಿ ಸುಮ್ಮನೆ ಕೂತರೆ ಮನೆ ಹೇಗಿರುತ್ತದೆ ಎಂದು ತಮ್ಮ ಅರ್ಜಿಯ ಯಾವ ಚೌಕದಲ್ಲೂ ಬರೆಯಲು ಬರುವುದಿಲ್ಲ.

ನನ್ನ ಬೇಡಿಕೆ ದೊಡ್ಡದಲ್ಲ. ತಾವು ಎಲ್ಲಿ ರಜೆಯಲ್ಲಿದ್ದೀರೋ ಅಲ್ಲಿಂದಲೇ ಒಂದು ಮಾತು ಹೇಳಿ, ಅಟೆಂಡರ ಹಾಳೆಯನ್ನು ಶಿಫಾರಸೆಂದು ಸ್ವೀಕರಿಸಿ, ಶನಿವಾರ ಅವಳು ಲಕೋಟೆ ಹುಡುಕುವ ಮೊದಲು ಅವಳ ಅರ್ಜಿಯನ್ನು ಮತ್ತೆ ಸಮಿತಿಯ ಮುಂದಿಡಬೇಕು. ಜೊತೆಗೆ ಹಳೆಯ ಪತ್ರದ ಕಪ್ಪು ಪಟ್ಟಿಯನ್ನು ಕಿತ್ತು, ಹೊರಗಿನ ಸದಸ್ಯರಿಗೆ ಒಮ್ಮೆ ತೋರಿಸಬೇಕು. ಅವರು ಏನೂ ಹೇಳಬೇಕಾಗಿಲ್ಲ. ನೋಡಿದರೆ ಸಾಕು; ಐದನೆಯ ಸಲ ಎಂದು ಬರೆದುಕೊಳ್ಳುತ್ತೇವೆ.

ಇಂತಿ,
ಊರಿಗೆಲ್ಲ ಕಣ್ಣು ಕಾಣಿಸಿ, ತಮ್ಮ ಕಿಟಕಿಯ ಮುಂದೆ ತಾನೇ ಕಾಣಿಸದೆ ಹೋದ
ಒಬ್ಬ ಕನ್ನಡಕದಂಗಡಿಯವನು

ತಾ.ಕ.: ಅಧಿಕಾರಿಗಳು ರಜೆಯಲ್ಲಿರುವುದರಿಂದ ಈ ಸಾಲುಗಳು ಪತ್ರಿಕೆಯಲ್ಲಿ ಇದನ್ನು ಓದುತ್ತಿರುವವರಿಗೆ. ನಿಮ್ಮಲ್ಲಿ ಯಾರ ಬಳಿಯಾದರೂ ದುಂಡನೆಯ ಮೊಹರಿದ್ದರೆ, ಶುಕ್ರವಾರ ಬೆಳಿಗ್ಗೆ ಹತ್ತೂವರೆಯೊಳಗೆ ಮೂರನೆಯ ಕಿಟಕಿಯ ಬಳಿ ದಯವಿಟ್ಟು ತನ್ನಿ. ಚದುರಂಗದ ಸಂಘದ್ದಾಗಲಿ, ಈಜುಕೊಳದ್ದಾಗಲಿ ಅಡ್ಡಿಯಿಲ್ಲ. ಒಂದೇ ಸಲ ಒತ್ತಿ ವಾಪಸು ಕೊಡುತ್ತೇವೆ. ಇಂಕಿನ ಪ್ಯಾಡು ನಾನೇ ತರುತ್ತೇನೆ.