ಗಂಡು ಹಿಮ, ಹೆಣ್ಣು ಹಿಮ

ಖರ್‌ಗ್ರೋಂಗ್
ಜುಲೈ ೧೨, ೧೯೯೬

ಕನೀಜ್‌ಳ ಅಪ್ಪನಿಗೆ,

ಸುಗ್ರಾಳ ಸಲಾಂ. ನೀನು ಯಾವ ಹಿಮದ ಮೇಲಿದ್ದೀಯೋ, ಅಲ್ಲಿ ನಿನ್ನ ಸ್ಟವ್ ಚೆನ್ನಾಗಿ ಉರಿಯುತ್ತಿರಲಿ. ಬೆಟ್ಟ ಹತ್ತಲು ಬಂದ ಪರದೇಶಿಗಳು ನಿನ್ನ ಅಡುಗೆಗೆ ಮೂಗು ಮುರಿಯದಿರಲಿ. ನಾವಿಲ್ಲಿ ಚೆನ್ನಾಗಿದ್ದೇವೆ. ಈ ವರ್ಷ ಜರ್ದಾಳು ಕೊಂಬೆ ಬಾಗುವಷ್ಟು ಬಿಟ್ಟಿದೆ. ಕನೀಜ್ ನನ್ನ ಭುಜದವರೆಗೆ ಬೆಳೆದಿದ್ದಾಳೆ. ನಾಲಿಗೆ ಮಾತ್ರ ನನ್ನನ್ನೂ ದಾಟಿ ಹೋಗಿದೆ.

ವಿಷಯಕ್ಕೆ ಬರುತ್ತೇನೆ. ಮೇಲಿನ ಕಮರಿಯಲ್ಲಿ ಗಂಡು ಹಿಮ, ಹೆಣ್ಣು ಹಿಮ ಕೂಡಿಸಿ ನೆಟ್ಟು, ಅದು ಬೆಳೆದು ಊರಿಗೆ ನೀರು ಕೊಡಲಿ ಎಂದು ಮಾಡಿದ ನಮ್ಮೂರ ಹಿಮದ ಮದುವೆಗೆ ಹನ್ನೆರಡು ವರ್ಷ ತುಂಬುತ್ತಾ ಬಂತು. ಅಲ್ಲಿಯವರೆಗೆ ಯಾರೂ ಮೇಲೆ ಹತ್ತಿ ಇಣುಕಬಾರದು ಎಂದು ಹಿರಿಯರು ಹಾಕಿದ್ದ ಕಟ್ಟನ್ನು ಈ ಬೇಸಿಗೆಗೆ ಸಡಿಲಿಸಿದ್ದಾರೆ. ಮೊನ್ನೆ ನಮ್ಮ ಮಸೀದಿಯ ಗುರು ಅಖೋನ್ ಮೆಹ್ದಿ ಅಲ್ಲಿನ ಅಂಗಳದಲ್ಲಿ, "ಹೊತ್ತೋರ ಮನೆಯವ್ರು ಮೊದ್ಲು ಹೋಗಿ ನೋಡ್ಕೊಂಡು ಬರ್ಲಿ, ಊರು ಆಮೇಲೆ ಹೋಗತ್ತೆ" ಎಂದರು. ಹೊತ್ತವರು ಎಂದರೆ ನೀನು ಮತ್ತು ನನ್ನ ತಮ್ಮ ಶಬಾನ್. ಕಲ್ಲುಮಣ್ಣು ಸೇರಿದ ಕಪ್ಪನೆಯ ಗಂಡು ಹಿಮ ನಿನ್ನ ಬೆನ್ನ ಮೇಲಿತ್ತು, ನೀರು ಕೊಡುವ ಬಿಳಿಯ ಹೆಣ್ಣು ಹಿಮ ಅವನ ಬೆನ್ನ ಮೇಲೆ. ನಿನ್ನನ್ನು ಬಿಟ್ಟು ನಾವು ಹೇಗೆ ಹೋಗುವುದು?

ನಾನು ಎಲ್ಲ ಯೋಚಿಸಿಟ್ಟಿದ್ದೇನೆ. ಒಂದೇ ದಿನದ ದಾರಿ. ಬಾರ್ಲಿ ಕೊಯ್ಲು ಮುಗಿದು, ಜರ್ದಾಳು ಮಾಳಿಗೆಯ ಮೇಲೆ ಒಣಗಲು ಬಿದ್ದ ಮೇಲೆ ಹೋಗೋಣ. ಬೆಳಗಿನ ನಮಾಜ್ ಮುಗಿಸಿ ಹೊರಟರೆ ಬಿಸಿಲೇರುವ ಮುನ್ನ ಬೇಸಿಗೆ ದೊಡ್ಡಿ ಮುಟ್ಟುತ್ತೇವೆ. ಶಬಾನನ ಹೆಂಡತಿ ಆಡುಗಳ ಜೊತೆ ಅಲ್ಲೇ ಇರುತ್ತಾಳೆ, ಮಜ್ಜಿಗೆಗೇನೂ ಕೊರತೆಯಿಲ್ಲ. ಅಲ್ಲಿಂದ ಎಡಕ್ಕೆ ತಿರುಗಿ, ಜಾರುಗಲ್ಲಿನ ಇಳಿಜಾರು ದಾಟಿದರೆ ಬಿಸಿಲು ಬೀಳದ ಆ ಕಮರಿ. ಮಧ್ಯಾಹ್ನ ಹೊಳೆ ಉಬ್ಬುವ ಮುಂಚೆ ಹಿಂದಕ್ಕೆ ದಾಟಿಬಿಡಬೇಕು. ಬುತ್ತಿಗೆ ಅಜೋಕ್ ರೊಟ್ಟಿ, ಅಕ್ರೋಟಿನ ಚಟ್ನಿ, ಫ್ಲಾಸ್ಕಿನಲ್ಲಿ ಉಪ್ಪು ಚಹಾ. ನಿನಗೆ ಯಾವನೋ ಜರ್ಮನ್ನನ ಹಳೆಯ ಬೂಟು ಇದ್ದೇ ಇರುತ್ತದೆ. ಕನೀಜ್‌ಗೂ ಒಂದು ಜೊತೆ ತಾ. ಅವಳ ಪಾದ ನಿನ್ನ ಅಮ್ಮನ ಪಾದದ ಹಾಗೆ ಅಗಲ, ಅಂಗಡಿಯವನಿಗೆ ಹೇಳಿ ನೋಡಿ ತಾ.

ವರ್ಷಕ್ಕೆ ನಾಲ್ಕು ತಿಂಗಳು ಹಿಮದ ಮೇಲೇ ಮಲಗುವವನನ್ನು ಹಿಮ ನೋಡಲು ಬಾ ಎಂದು ಕರೆಯುತ್ತಿದ್ದೇನೆ. ನಗು ಬಂದರೆ ನಗು. ಆದರೆ ಆ ಹಿಮ ಯಾರದ್ದೋ. ಇದನ್ನು ನೀನು ಹೊತ್ತಿದ್ದೆ.

ಆ ದಿನದ ಮಾತು ಎತ್ತಬಾರದು ಅಂದುಕೊಂಡಿದ್ದೆ, ಎತ್ತದೆ ಆಗುವುದಿಲ್ಲ. ಹೊತ್ತವರು ದಾರಿಯಲ್ಲಿ ಬುಟ್ಟಿ ನೆಲಕ್ಕಿಳಿಸಬಾರದು, ತುಟಿ ಬಿಚ್ಚಬಾರದು, ಬಿಚ್ಚಿದರೆ ಹಿಮ ಬೇರೂರುವುದಿಲ್ಲ ಎಂದು ಕೇಳುತ್ತಲೇ ನಾವೆಲ್ಲ ಬೆಳೆದವರು. ಜಾರುಗಲ್ಲಿನ ಹತ್ತಿರ ಬಂಡೆ ಉರುಳಿ ಬರುತ್ತಿದ್ದದ್ದು ಶಬಾನನಿಗೆ ಕಾಣಲಿಲ್ಲ, ನಿನಗೆ ಕಂಡಿತು. "ಶಬಾನ್, ಬಗ್ಗೋ!" ಎಂದು ಕೂಗಿದೆ. ಅವನು ಬಗ್ಗಿದ, ಬದುಕಿದ. ಸಂಜೆ ಊರೆಲ್ಲ ಗುಸುಗುಸು. ನಿನ್ನ ಅಣ್ಣನೇ ಬಾಗಿಲಲ್ಲಿ ನಿಂತು, "ಒಂದು ಗಳಿಗೆ ಬಾಯ್ ಮುಚ್ಕೊಂಡಿರೋಕೆ ಆಗ್ಲಿಲ್ವೇನೋ? ಊರಿನ್ ನೀರೇ ಕಳೆದ್ಯಲ್ಲೋ!" ಎಂದ. ನನ್ನ ಅಮ್ಮ ಮಾತ್ರ ಮಗ ಉಳಿದನೆಂದು ನಿನ್ನ ಕೈ ಹಿಡಿದು ಅತ್ತಳು. ನೀನು ಆ ಕೈ ಬಿಡಿಸಿಕೊಂಡೆ. "ಹಿಮ ಕೂಡಿತು ಅಂತ ಗೊತ್ತಾದ್ ದಿನ ಬರ್ತೀನಿ, ಅಲ್ಲೀವರ್ಗೂ ಈ ಊರಿನ್ ಸೇತುವೆ ದಾಟಲ್ಲ" ಎಂದು ಹೊರಟುಬಿಟ್ಟೆ. ಕನೀಜ್ ಆಗ ಮೊಲೆ ಕುಡಿಯುವ ಕೂಸು.

ಹೇಳಿದ ಹಾಗೇ ನಡೆದುಕೊಂಡೆ, ಅದರಲ್ಲಿ ನಿನ್ನನ್ನು ಮೀರಿಸುವವರಿಲ್ಲ. ಚಳಿಗಾಲಕ್ಕೊಮ್ಮೆ ಸೇತುವೆಯ ಆಚೆ ತುದಿಗೆ ಬರುತ್ತೀ, ಮಗಳಿಗೆ ಸ್ವೆಟರೋ ಮಿಠಾಯಿಯೋ ಕೊಡುತ್ತೀ, ಹೋಗುತ್ತೀ. ನಾನೂ ಒಂದೆರಡು ವರ್ಷ ಬಂದೆ, ಆಮೇಲೆ ಬಿಟ್ಟೆ. ಕಟ್ಟಿಕೊಂಡ ಗಂಡನನ್ನು ಸೇತುವೆಯ ಮೇಲೆ ನಿಂತು ಮಾತಾಡಿಸಿ ಬರಲು ನಾನೇನು ದಾರಿಹೋಕಳಾ? ಒಮ್ಮೆ ಕನೀಜ್ ಕೇಳಿದಳು, "ಅಮ್ಮಾ, ಅಪ್ಪಂಗೆ ನಮ್ಮೂರ್ ನಾಯಿ ಕಂಡ್ರೆ ಭಯಾನಾ?" ಹೌದು, ದೊಡ್ಡ ನಾಯಿ, ಎಂದೆ. ಅವಳು ಪಕ್ಕದ ಮನೆಯ ನಾಯಿಗೆ ವಾರಗಟ್ಟಲೆ ಕಲ್ಲು ಹೊಡೆದಳು. ಈಗ ಅವಳಿಗೆ ಎಲ್ಲ ತಿಳಿಯುತ್ತದೆ, ಕೇಳುವುದಿಲ್ಲ. ಅವಳು ಕೇಳದಿರುವುದೇ ನನಗೆ ಹೆಚ್ಚು ನೋವು.

ನನ್ನ ಜಡೆ ಅರ್ಧ ಬೆಳ್ಳಗಾಗಿದೆ. ನಿನ್ನ ಗಡ್ಡವೂ ಹಾಗೇ ಆಗಿದೆಯಂತೆ, ಮಗಳು ಹೇಳಿದಳು. ಒಂದು ಜೀವ ಉಳಿಸಿದ ಕೂಗಿಗಾಗಿ ನಾವು ಮೂವರೂ ಇಷ್ಟು ವರ್ಷ ತೆತ್ತೆವಲ್ಲಾ ಎಂದು ಹಿಟ್ಟು ನಾದುವಾಗ, ಆಡು ಕರೆಯುವಾಗ ಹೊಟ್ಟೆ ಉರಿಯುತ್ತದೆ.

ಮೇಲೆ ಏನಿದೆಯೋ, ಇನ್ನೂ ಯಾರೂ ನೋಡಿಲ್ಲ. ಈ ಸಲ ಕಾಲುವೆಯಲ್ಲಿ ನೀರಂತೂ ಪರವಾಗಿಲ್ಲ. ನಾವೇ ಹೋಗಿ ನೋಡೋಣ. ಕನೀಜ್ ಈಗಲೇ ದಾರಿಗೆ ಅಂತ ಕೋಲು ಕಡಿದಿಟ್ಟುಕೊಂಡಿದ್ದಾಳೆ. ಆಗಸ್ಟ್ ಕೊನೆಗೆ ನಿನ್ನ ಕೆಲಸ ಮುಗಿಯುತ್ತದಲ್ಲ, ನೇರ ಇಲ್ಲಿಗೇ ಬಾ.

ನಿನ್ನ ದಾರಿ ನೋಡಿ ನೋಡಿ ಅಭ್ಯಾಸವಾದವಳು,
ಸುಗ್ರಾ

ಮತ್ತೆ: ಜೀಪಿನ ಹೈದರ್ ಈ ಕಾಗದಕ್ಕಾಗಿ ಅಂಗಳದಲ್ಲಿ ಕಾಯುತ್ತಿದ್ದಾನೆ. ಮಡಚಿದವಳು ಮತ್ತೆ ಬಿಚ್ಚಿದೆ. ಯಾರೂ ನೋಡಿಲ್ಲ ಎಂದದ್ದು ಸುಳ್ಳು. ಹೋದ ವಾರ, ದೊಡ್ಡಿಗೆ ಹೋಗುವ ನೆಪದಲ್ಲಿ ಶಬಾನ್ ಮತ್ತು ನಾನು ಹತ್ತಿ ಬಂದೆವು. ಹಿಮವಿಲ್ಲ. ನೀವು ಮುಚ್ಚಿದ್ದ ಕಲ್ಲು ಸರಿಸಿದರೆ ಕೆಳಗೆ ಹಿಮ ಕರಗದಿರಲೆಂದು ನೀವು ಸುರಿದಿದ್ದ ಇದ್ದಿಲು, ಒದ್ದೆ ಮರಳು, ಅಷ್ಟೇ. ಶಬಾನ್ ಅಲ್ಲೇ ಕುಸಿದು, "ಭಾವ ಬಾಯ್ ಮುಚ್ಕೊಂಡು ನನ್ನ ಸಾಯೋಕೆ ಬಿಟ್ಟಿದ್ರೂ ಇಷ್ಟೇ ಆಗ್ತಿತ್ತು ಕಣಕ್ಕಾ" ಎಂದು ಅತ್ತ. ಹೊಳೆಯಾಚೆಯ ಊರಿನವರೂ ಅದೇ ವರ್ಷ ಹಿಮ ನೆಟ್ಟಿದ್ದರು. ಬಾಯಿಗೆ ಬಟ್ಟೆ ಕಟ್ಟಿಕೊಂಡು ಹೊತ್ತರು, ಒಬ್ಬನೂ ಉಸಿರೆತ್ತಲಿಲ್ಲ. ಅವರದ್ದೂ ಕೂಡಲಿಲ್ಲ. ಇದನ್ನು ಮುಚ್ಚಿಟ್ಟು ನಿನ್ನನ್ನು ಕರೆಸಿಕೊಳ್ಳೋಣ ಎಂದಿದ್ದೆ. ಆಮೇಲೆ ಆ ಬರಿಗಲ್ಲಿನ ಮುಂದೆ ನಿಂತ ನಿನ್ನ ಮುಖ ನೋಡುವ ಧೈರ್ಯ ನನಗಿಲ್ಲ. ಬರುವುದಾದರೆ ನನಗಾಗಿ, ಮಗಳಿಗಾಗಿ ಬಾ. ಬರುವುದಿಲ್ಲವಾದರೆ ಈ ಸಲ ಹಿಮದ ಹೆಸರು ಹೇಳಬೇಡ. "ನನಗೆ ಬರಲು ಮನಸ್ಸಿಲ್ಲ" ಎಂದು ನಿನ್ನ ಕೈಯಾರೆ ಬರೆದು ಕಳಿಸು.