ಎದ್ದು ನಿಂತ ಗಿನಿಪಿಗ್

ತಿರುವನಂತಪುರ, ೧೩ ಆಗಸ್ಟ್ ೧೯೫೮, ಬುಧವಾರ

ಸಿ ವಿಟಮಿನ್ ಇಲ್ಲದೆ ಕೀಲು ಊದಿ ಬಿದ್ದುಕೊಂಡಿದ್ದ ನಮ್ಮ ಪ್ರಯೋಗಾಲಯದ ಕಂದು ಗಿನಿಪಿಗ್ ಇವತ್ತು ಎದ್ದು ನಿಂತಿತು! ನಾಳೆ ಅದನ್ನು ಕೊಯ್ದು ನೋಡುವುದೆಂದು ಪ್ರೊಫೆಸರ್ ಪರಮೇಶ್ವರನ್ ಹೇಳಿಬಿಟ್ಟಿದ್ದರು. ಉತ್ಕರ್ಷಣಗೊಂಡ ವಿಟಮಿನ್ನಿನಿಂದ, ಅಂದರೆ ಡಿಹೈಡ್ರೋ ಆಸ್ಕಾರ್ಬಿಕ್ ಆಮ್ಲದಿಂದ, ಅದು ಗುಣವಾದೀತೆಂದು ಅವರಿಗೆ ನಂಬಿಕೆಯಿರಲಿಲ್ಲ. ನಾನು ಮಾತ್ರ ದಿನವೂ ಅದನ್ನೇ ಹೊಸದಾಗಿ ತಯಾರಿಸಿ ಹನಿಹನಿಯಾಗಿ ಕುಡಿಸುತ್ತಿದ್ದೆ.

ಬೆಳಿಗ್ಗೆ ಗೂಡಿನ ಬಾಗಿಲು ತೆಗೆದರೆ ಕುಂಟುತ್ತ ಬಂದು ನನ್ನ ಕೈಯಿಂದ ತೌಡು ತಿಂದಿತು. ಸಾರ್ ಬಹಳ ಹೊತ್ತು ಬಗ್ಗಿ ನೋಡಿದರು.

"ವೆಲ್, ಸುಶೀಲಾ, ನಾಳೆ ಕತ್ತರಿ ಬೇಡ. ಔಷಧಿ ಮುಂದುವರಿಸಿ."

ಸಂಜೆ ಮನೆಯಲ್ಲಿ ಇವರಿಗೆ ಹೇಳಿದರೆ, "ಅದಕ್ಕೊಂದು ಹೆಸರಿಡು ಮಾರಾಯ್ತಿ," ಎಂದು ನಕ್ಕರು. ಹೆಸರಿಟ್ಟರೆ ಮುಂದೆಂದೂ ಕೊಯ್ಯಲು ಕೈ ಬಾರದು. ಗೊತ್ತಿದ್ದೂ ಆಗಿನಿಂದ ಅದನ್ನೇ ಯೋಚಿಸುತ್ತಿದ್ದೇನೆ. ಮೋಹಿನಿ ಎಂದರೆ ತೀರಾ ದೊಡ್ಡದಾಯಿತೇನೋ. ರತ್ನ ಎಂದರೆ…